ಕಿಲ್ಲಾರಿ ಯಾವ ಫಲಕದ ಅಂಚಿನಲ್ಲಿದೆ?

ಪ್ರಶ್ನೆ: ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಭೂಫಲಕಗಳು ಸರಿಯುತ್ತವೆ, ಅವುಗಳ ಅಂಚಿನಲ್ಲಿ ಭೂಕಂಪ ಆಗುತ್ತದೆ ಎಂದು ಪಾಠ ಮುಗಿಸಿದ ಕೂಡಲೇ ಮಕ್ಕಳು ಕೇಳುವುದು ಒಂದೇ: ‘ಹಾಗಾದರೆ ಕಿಲ್ಲಾರಿ ಯಾವ ಅಂಚಿನಲ್ಲಿದೆ ಸರ್?’ ಇಷ್ಟು ದೊಡ್ಡ ಫಲಕವನ್ನು ನೂಕುವುದಾದರೂ ಯಾವುದು? ಊರ ಹಿರಿಯರು ಬೋರ್‌ವೆಲ್ ಕೊರೆದದ್ದೇ ನೆಲ ನಡುಗಲು ಕಾರಣ ಅನ್ನುತ್ತಾರೆ. ಬೇಸಿಗೆಯಲ್ಲಿ ಎರೆಹೊಲ ಬಿರಿದರೂ ಹೆದರುವವರಿದ್ದಾರೆ. ಸ್ವಲ್ಪ ವಿವರವಾಗಿ ತಿಳಿಸಿ.

ಉತ್ತರ: ಗುರುಗಳೇ, ನಿಮ್ಮ ಮಕ್ಕಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾರೆ. ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿ ಯಾವ ಅಂಚಿನಲ್ಲೂ ಇಲ್ಲ. ನಮ್ಮ ಫಲಕದ ಉತ್ತರದ ಅಂಚು ಹಿಮಾಲಯದ ಬುಡದಲ್ಲಿದೆ. ಅದು ಲಾತೂರಿನಿಂದ ಸಾವಿರ ಕಿ.ಮೀ.ಗೂ ಆಚೆ. ನೈಋತ್ಯದ ಅಂಚು ಅರಬ್ಬಿ ಸಮುದ್ರದ ತಳದಲ್ಲಿರುವ ಕಾರ್ಲ್ಸ್‌ಬರ್ಗ್ ಎಂಬ ಪರ್ವತಸಾಲು. ಅದು ಇನ್ನೂ ದೂರ. ಆದರೂ 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಹೊತ್ತಿನಲ್ಲಿ, 6.2 ಪರಿಮಾಣದ ಕಂಪನಕ್ಕೆ ಕಿಲ್ಲಾರಿಯೂ ಸೇರಿ ಔಸಾ, ಉಮರ್ಗಾ ಸೀಮೆಯ ಹಳ್ಳಿಗಳು ನೆಲಕಚ್ಚಿದವು. ಸತ್ತವರು ಸುಮಾರು ಹತ್ತು ಸಾವಿರ.

‘ಅಂಚಿನಲ್ಲಿ ಭೂಕಂಪ’ ಅನ್ನುವುದು ಹತ್ತರಲ್ಲಿ ಒಂಬತ್ತು ಸಲ ನಿಜ. ಉಳಿದ ಒಂದು ಸಲಕ್ಕೂ ಒಪ್ಪುವ ಮಾತು ಬೇಕಾದರೆ ಪಾಠವನ್ನು ಹೀಗೆ ಶುರು ಮಾಡಿ: ಫಲಕ ಸರಿಯುವುದರಿಂದ ನೆಲ ನಡುಗುವುದಿಲ್ಲ, ಸರಿಯಲಾರದೆ ಎಲ್ಲೋ ಸಿಕ್ಕಿಕೊಂಡು, ಆ ಸಿಕ್ಕು ತಟ್ಟನೆ ಬಿಟ್ಟಾಗ ನಡುಗುತ್ತದೆ. ಸಿಕ್ಕು ಅಂಚಿನಲ್ಲಿ ಹೆಚ್ಚು. ಆದರೆ ಅಂಚಿನಲ್ಲಿ ಬಿದ್ದ ಒತ್ತಡ ಅಲ್ಲೇ ನಿಲ್ಲುವುದಿಲ್ಲ, ಫಲಕದ ಉದ್ದಕ್ಕೂ ಹಾಯುತ್ತದೆ. ನಡುವೆ ಎಲ್ಲಾದರೂ ಹಳೆಯ ಒಡಕಿದ್ದರೆ ಅಲ್ಲೂ ಬಿಡಬಹುದು.

ಸರಿಯುವ ಲೆಕ್ಕವನ್ನೇ ಮೊದಲು ನೋಡೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಹೈದರಾಬಾದಿನಲ್ಲೂ ಬಂಡೆಗೆ ಬಿಗಿದು ನಿಲ್ಲಿಸಿದ ಜಿಪಿಎಸ್ ಕೇಂದ್ರಗಳಿವೆ. ಎರಡೂ ವರ್ಷಕ್ಕೆ ಐದು ಸೆಂ.ಮೀ.ಗಿಂತ ತುಸು ಹೆಚ್ಚು ಈಶಾನ್ಯಕ್ಕೆ ಸರಿಯುತ್ತಿವೆ, ಮತ್ತು ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ‘ಒಂದೇ ವೇಗ’ ಅನ್ನುವುದೇ ಇಲ್ಲಿ ಮುಖ್ಯ. ಅಕ್ಕಲಕೋಟೆ, ಸೊಲ್ಲಾಪುರ, ಕಲಬುರಗಿ, ಬೆಂಗಳೂರು ಎಲ್ಲವೂ ಒಂದೇ ಬಂಡಿಯಲ್ಲಿ ಕೂತಿರುವುದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಿಮ್ಮ ಒಂಬತ್ತನೆಯ ತರಗತಿಯ ಹುಡುಗ ಹುಟ್ಟಿದಾಗಿನಿಂದ ಅವನ ಮನೆ, ಶಾಲೆ, ಗುಡಿ ಎಲ್ಲವೂ ಮುಕ್ಕಾಲು ಮೀಟರಿನಷ್ಟು ಈಶಾನ್ಯಕ್ಕೆ ಹೋಗಿವೆ. ಮೂವತ್ತು ವರ್ಷಕ್ಕೆ ಒಂದೂವರೆ ಮೀಟರ್ ದಾಟುತ್ತದೆ.

ಒಂದು ಎಚ್ಚರಿಕೆ. ಕೆಲವು ಪುಸ್ತಕಗಳಲ್ಲಿ ಐದು ಸೆಂ.ಮೀ. ಎಂದಿದ್ದರೆ ಕೆಲವದರಲ್ಲಿ ಮೂರೂವರೆ ಎಂದಿರುತ್ತದೆ. ಎರಡೂ ಸರಿ. ಇಡೀ ಭೂಮಿಯ ಚೌಕಟ್ಟಿಗೆ ಹೋಲಿಸಿ ಅಳೆದರೆ ಐದು ಚಿಲ್ಲರೆ. ಎದುರಿಗಿರುವ ಯುರೇಷ್ಯಾ ಫಲಕಕ್ಕೆ ಹೋಲಿಸಿದರೆ ಮೂರೂವರೆಯ ಆಸುಪಾಸು, ಯಾಕೆಂದರೆ ಆ ಫಲಕವೂ ಸುಮ್ಮನೆ ನಿಂತಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಯಾವ ಅಂಕಿ ಬರೆದರೂ ಯಾವುದಕ್ಕೆ ಹೋಲಿಸಿ ಎಂದು ಬರೆಯಲು ಕಲಿಸಿ.

ಇದನ್ನು ಮೊಬೈಲ್ ಇಟ್ಟುಕೊಂಡು ಅಳೆಯಬಹುದೇ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಆಗದು. ಮೊಬೈಲ್ ಜಿಪಿಎಸ್ ತೋರಿಸುವ ಜಾಗದಲ್ಲಿ ಮೂರರಿಂದ ಐದು ಮೀಟರ್ ಹೆಚ್ಚುಕಡಿಮೆ ಇರುತ್ತದೆ. ವಿಜ್ಞಾನಿಗಳ ಉಪಕರಣ ಎರಡು ಆವರ್ತನಗಳಲ್ಲಿ ಸಂಕೇತ ಹಿಡಿದು, ದಿನಗಟ್ಟಲೆಯ ದಾಖಲೆಯನ್ನು ಸರಾಸರಿ ಮಾಡಿ, ಹಲವು ವರ್ಷ ಕಾದ ಮೇಲೆ ಮಿಲಿಮೀಟರ್ ಲೆಕ್ಕ ಕೊಡುತ್ತದೆ. ಅದನ್ನು ನಿಮ್ಮ ಕಡೆಯ ಎರೆಹೊಲದಲ್ಲಿ ನೆಟ್ಟರೆ ಅಷ್ಟೂ ಶ್ರಮ ಹಾಳು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವಾಗ ಕಂಬವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಮೇಲೆ ಕೆಳಗೆ ಆಡಿಸುತ್ತದೆ. ಫಲಕದ ಚಲನೆ ಆ ಆಟದಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೇ ಮಣ್ಣು, ಗರಸು ಎಲ್ಲ ತೆಗೆದು ಕರಿಕಲ್ಲು ಸಿಕ್ಕ ಮೇಲೆಯೇ ಅಡಿಪಾಯ ಹಾಕುತ್ತಾರೆ.

ಇನ್ನು ನೂಕುವುದು ಯಾವುದು? ಇಲ್ಲಿ ಪಠ್ಯದ ಚಿತ್ರಗಳು ಬಹಳ ಹಾನಿ ಮಾಡಿವೆ. ಕೆಂಪು ಲಾವಾದ ಕಡಲಿನ ಮೇಲೆ ಹಾಳೆಗಳು ತೇಲುವಂತೆ ಬಿಡಿಸಿರುತ್ತಾರೆ. ಹಾಗಿಲ್ಲ. ಫಲಕ ಅಂದರೆ ಭೂಮಿಯ ಹೊರಚಿಪ್ಪು ಮತ್ತು ಅದರಡಿಯ ಮ್ಯಾಂಟಲಿನ ಮೇಲ್ಪದರ ಕೂಡಿ ಗಟ್ಟಿಯಾಗಿರುವ, ಸರಾಸರಿ ನೂರು ಕಿ.ಮೀ. ದಪ್ಪದ ಭಾಗ. ಅದರ ಕೆಳಗಿನ ಮ್ಯಾಂಟಲ್ ಸುಮಾರು 1,300 ಡಿಗ್ರಿಗೆ ಕಾದಿದ್ದರೂ ಕಲ್ಲಾಗಿಯೇ ಇದೆ. ಪುರಾವೆ ಸುಲಭ: ಭೂಕಂಪದ ಎರಡನೆಯ ಅಲೆ, ಅಂದರೆ ಎಸ್ ಅಲೆ, ದ್ರವದಲ್ಲಿ ಹಾಯಲಾರದು. ಅದು 2,900 ಕಿ.ಮೀ. ಆಳದವರೆಗೂ ಮ್ಯಾಂಟಲಿನಲ್ಲಿ ನಿರಾತಂಕವಾಗಿ ಹೋಗಿ, ಕರಗಿದ ಕಬ್ಬಿಣದ ಹೊರತಿರುಳು ಎದುರಾದಾಗ ಮಾತ್ರ ನಿಲ್ಲುತ್ತದೆ. ಆದರೆ ಹೀಗೆ ಕಾದ ಕಲ್ಲಿನ ಮೇಲೆ ಲಕ್ಷಾಂತರ ವರ್ಷ ಭಾರ ಬಿದ್ದರೆ ಅದು ಮೆಲ್ಲನೆ ಬಾಗುತ್ತದೆ, ಹರಿಯುತ್ತದೆ. ಒಳಗಿನ ಶಾಖದ ಹೆಚ್ಚುಕಡಿಮೆ ಅರ್ಧ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಬರುವಂಥದು. ಉಳಿದದ್ದು ಭೂಮಿ ಹುಟ್ಟಿದಾಗಿನಿಂದ ಉಳಿದುಕೊಂಡ ಕಾವು.

ಬಿಸಿ ಮ್ಯಾಂಟಲ್ ಸುತ್ತುತ್ತಾ ಮೇಲಿನ ಫಲಕವನ್ನು ಹೊತ್ತೊಯ್ಯುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ಅದೂ ಸ್ವಲ್ಪ ಇದೆ, ಆದರೆ ದೊಡ್ಡ ಬಲ ಬೇರೆ. ಸಾಗರತಳದ ಫಲಕ ಹುಟ್ಟುವಾಗ ಬಿಸಿ, ಹಗುರ. ತಾನು ಹುಟ್ಟಿದ ಏಣಿನಿಂದ, ಅಂದರೆ ಸಾಗರತಳದ ಪರ್ವತಸಾಲಿನಿಂದ, ದೂರ ಹೋದಂತೆ ತಣಿದು, ದಪ್ಪವಾಗಿ, ತೂಕ ಹೆಚ್ಚಿ, ಕೊನೆಗೆ ತನ್ನಡಿಯ ಮ್ಯಾಂಟಲಿಗಿಂತಲೂ ಭಾರವಾಗುತ್ತದೆ. ಒಂದು ಅಂಚಿನಲ್ಲಿ ಅದು ಕೆಳಗೆ ಮುಳುಗಿತೆಂದರೆ ಮುಂದಿನ ಕೆಲಸ ತಾನಾಗಿ ನಡೆಯುತ್ತದೆ. ಹೊರಸಿನ ಮೇಲಿನ ಕೌದಿ ನೆನೆಯಿರಿ: ಅರ್ಧದಷ್ಟು ಕೆಳಗೆ ಇಳಿಬಿದ್ದರೆ ಸಾಕು, ಇಳಿಬಿದ್ದ ಭಾಗದ ಭಾರಕ್ಕೇ ಉಳಿದದ್ದು ಜಾರಿ ಬರುತ್ತದೆ, ಹಿಂದಿನಿಂದ ಯಾರೂ ನೂಕಬೇಕಿಲ್ಲ. ಇದಕ್ಕೆ ಸಾಕ್ಷಿ ವೇಗದ ಪಟ್ಟಿಯಲ್ಲೇ ಇದೆ. ಪೆಸಿಫಿಕ್, ನಾಸ್ಕಾ ಫಲಕಗಳಿಗೆ ಮುಳುಗುವ ಅಂಚು ಉದ್ದವಾಗಿದೆ. ಅವು ವರ್ಷಕ್ಕೆ ಏಳೆಂಟು ಸೆಂ.ಮೀ. ಅಥವಾ ಹೆಚ್ಚು ಓಡುತ್ತವೆ. ಆಫ್ರಿಕಾ, ಯುರೇಷ್ಯಾ ಫಲಕಗಳಿಗೆ ಅಂಥ ಅಂಚು ಬಹಳ ಕಡಿಮೆ. ಅವು ಎರಡು ಮೂರು ಸೆಂ.ಮೀ.ಯಲ್ಲೇ ತೆವಳುತ್ತವೆ.

ಇದರ ಜತೆಗೆ ಏಣಿನ ನೂಕು ಇದೆ. ಸಾಗರದ ನಡುವಿನ ಏಣು ನೀರಿನಿಂದ ಎರಡೂವರೆ ಕಿ.ಮೀ. ಕೆಳಗಿದ್ದರೆ ಅದರಿಂದ ದೂರದ ಹಳೆಯ ತಳ ಐದಾರು ಕಿ.ಮೀ. ಆಳದಲ್ಲಿರುತ್ತದೆ. ಆ ಇಳಿಜಾರಿನಲ್ಲಿ ಇಡೀ ಫಲಕ ತನ್ನ ಭಾರಕ್ಕೆ ತಾನೇ ಹೊರಗೆ ಒತ್ತುತ್ತದೆ. ಎಳೆತಕ್ಕೆ ಹೋಲಿಸಿದರೆ ಈ ಬಲ ಚಿಕ್ಕದು. ಆದರೂ ಇದನ್ನು ನೆನಪಿಡಿ, ಕಿಲ್ಲಾರಿಗೆ ಬಂದಾಗ ಇದು ಬೇಕಾಗುತ್ತದೆ.

ಭಾರತದ ಫಲಕದ ಚರಿತ್ರೆಯಲ್ಲಿ ಈ ಎರಡೂ ಬಲಗಳ ಗುರುತು ಇದೆ. ದಕ್ಷಿಣದ ಗೊಂಡ್ವಾನಾ ಭೂಖಂಡದಿಂದ ಕಿತ್ತು ಬಂದ ಈ ತುಂಡು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರನ್ನೂ, 6.5 ಕೋಟಿ ವರ್ಷಗಳ ಆಸುಪಾಸಿನಲ್ಲಿ ಸೆಶೆಲ್ಸನ್ನೂ ಹಿಂದೆ ಬಿಟ್ಟಿತು. ಆಗ ಮುಂದುಗಡೆ ಟೆಥಿಸ್ ಸಾಗರದ ತಳ ಏಷ್ಯಾದ ಅಡಿಗೆ ಮುಳುಗುತ್ತಾ ನಮ್ಮನ್ನು ಎಳೆಯುತ್ತಿತ್ತು. ವೇಗ ವರ್ಷಕ್ಕೆ ಹದಿನೈದು ಸೆಂ.ಮೀ. ದಾಟಿತ್ತು, ಅಂದರೆ ಈಗಿನ ಮೂರು ಪಟ್ಟು. ಸುಮಾರು 5 ಕೋಟಿ ವರ್ಷಗಳ ಹಿಂದೆ ಸಾಗರತಳ ಮುಗಿದು ಖಂಡಕ್ಕೆ ಖಂಡ ತಾಗಿತು. ಖಂಡದ ಕಲ್ಲು ಹಗುರ, ಮುಳುಗಲು ಒಪ್ಪುವುದಿಲ್ಲ. ವೇಗ ಮೂರನೆಯ ಒಂದು ಭಾಗಕ್ಕೆ ಕುಸಿಯಿತು. ಇಷ್ಟಾದರೂ ಇನ್ನೂ ಯಾಕೆ ನಿಂತಿಲ್ಲ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ದಕ್ಷಿಣದ ಏಣಿನ ನೂಕು ಒಂದು ಕಾರಣ, ಸುಮಾತ್ರಾ ಕಡೆ ಮುಳುಗುತ್ತಿರುವ ತಳದ ಎಳೆತ ಇನ್ನೊಂದು ಎಂಬವರಿದ್ದಾರೆ. ಅಡಿಯ ಮ್ಯಾಂಟಲಿನ ಹರಿವಿಗೆ ಹೆಚ್ಚು ಪಾಲು ಕೊಡುವವರೂ ಇದ್ದಾರೆ.

ಅಂಚುಗಳಲ್ಲಿ ಏನೇನಾಗುತ್ತದೆ ಎಂಬುದು ನಿಮ್ಮ ಪುಸ್ತಕದಲ್ಲಿ ಚೆನ್ನಾಗಿಯೇ ಇದ್ದೀತು, ಬೇಗ ಮುಗಿಸುತ್ತೇನೆ. ಫಲಕಗಳು ದೂರ ಸರಿಯುವಲ್ಲಿ ಬಿರುಕಿನಿಂದ ಬಸಾಲ್ಟ್ ಉಕ್ಕಿ ಹೊಸ ಸಾಗರತಳ ಹುಟ್ಟುತ್ತದೆ. ಹೀಗೆ ಹುಟ್ಟಿದ ತಳ ತಣಿಯುವಾಗ ಆ ಕಾಲದ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಏಣಿನ ಎರಡೂ ಬದಿಗೆ ಒಂದೇ ತೆರನ ಪಟ್ಟೆಗಳು ಬೀಳುತ್ತವೆ. ಖಂಡಗಳು ಸರಿಯುತ್ತವೆ ಎಂದು ಜರ್ಮನಿಯ ವಿಜ್ಞಾನಿ ವೆಗೆನರ್ 1912ರಲ್ಲೇ ಹೇಳಿದ್ದರೂ ಜಗತ್ತು ಒಪ್ಪಿದ್ದು ಈ ಪಟ್ಟೆಗಳನ್ನು ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ವಿವರಿಸಿದ ಮೇಲೆ. ಅವರು ಬಳಸಿದ ಅಳತೆ ಬಂದದ್ದು ನಮ್ಮ ಫಲಕದ ಅಂಚಾದ ಅದೇ ಕಾರ್ಲ್ಸ್‌ಬರ್ಗ್ ಏಣಿನಿಂದ, ಇದನ್ನು ಮಕ್ಕಳಿಗೆ ಹೇಳದೆ ಬಿಡಬೇಡಿ. ಮುಳುಗುವ ಅಂಚು ನಮಗೆ ಅಂಡಮಾನ್–ಸುಮಾತ್ರಾ ಸಾಲಿನಲ್ಲಿದೆ. ಅಲ್ಲಿ 2004ರ ಡಿಸೆಂಬರ್ 26ರಂದು ಸುಮಾರು 1,300 ಕಿ.ಮೀ. ಉದ್ದದ ಸಿಕ್ಕು ಬಿಟ್ಟಿತು, ಪರಿಮಾಣ 9.1, ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟಿನ ದೀಪಸ್ತಂಭದ ನೆಲ ನಾಲ್ಕು ಮೀಟರಿಗೂ ಹೆಚ್ಚು ತಗ್ಗಿತು. ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಹೋಗುವ ಅಂಚಿಗೆ ಪಾಕಿಸ್ತಾನ, ಅಫ್ಘಾನಿಸ್ತಾನಗಳ ಚಮನ್ ಸ್ತರಭಂಗ (ಕಲ್ಲು ಒಡೆದು ಸರಿಯುವ ಒಡಕು) ಉದಾಹರಣೆ.

ಗುದ್ದುವ ಅಂಚು ಹಿಮಾಲಯ. ವರ್ಷದ ಮೂರೂವರೆ ಸೆಂ.ಮೀ.ಯಲ್ಲಿ ಎರಡರಷ್ಟು ಅಲ್ಲೇ ಖರ್ಚಾಗುತ್ತದೆ, ಉಳಿದದ್ದನ್ನು ಟಿಬೆಟ್ ಮತ್ತು ಅದರಾಚೆಯ ನೆಲ ನುಂಗಿಕೊಳ್ಳುತ್ತವೆ. ಸಾಗರತಳ ಪರ್ವತವಾಯಿತು ಎಂಬುದಕ್ಕೆ ಪುರಾವೆ ಮಕ್ಕಳಲ್ಲಿ ಎಷ್ಟೋ ಜನರ ಮನೆಯ ದೇವರ ಜಗಲಿ ಮೇಲೆಯೇ ಇದ್ದೀತು. ಸಾಲಿಗ್ರಾಮದೊಳಗಿನ ಸುರುಳಿ ಅಮೊನೈಟ್ ಎಂಬ ಕಡಲಪ್ರಾಣಿಯ ಚಿಪ್ಪಿನ ಗುರುತು. ಟೆಥಿಸ್ ಸಾಗರದ ಕೆಸರಿನಲ್ಲಿ ಹುದುಗಿ ಕಲ್ಲಾದದ್ದು ಈಗ ನೇಪಾಳದ ಗಂಡಕಿ ನದಿಯಲ್ಲಿ ಉರುಳಿ ಬರುತ್ತದೆ.

ನಿಮ್ಮ ಕಾಲಡಿಯ ನೆಲಕ್ಕೆ ಬರೋಣ. ಊರಿನ ಯಾವುದಾದರೂ ಹಳೆಯ ತೆರೆದ ಬಾವಿಯ ಒಳಗೋಡೆಯನ್ನು ಮಕ್ಕಳಿಗೆ ದಡದಿಂದಲೇ ತೋರಿಸಿ. ಮೇಲೆ ಎರೆಮಣ್ಣು. ಅದರಡಿ ಪುಡಿಪುಡಿಯಾದ ಗರಸು. ಆಮೇಲೆ ಕರಿಕಲ್ಲು. ಕೆಲವು ಬಾವಿಗಳಲ್ಲಿ ಕರಿಕಲ್ಲಿನ ನಡುವೆ ಇಟ್ಟಿಗೆ ಬಣ್ಣದ ಒಂದು ಪಟ್ಟಿ ಹಾಯುತ್ತದೆ, ಅದರಡಿ ಮತ್ತೆ ಕರಿಕಲ್ಲು. ಪಟ್ಟಿಗೆ ಹತ್ತಿದ ಕಲ್ಲಿನಲ್ಲಿ ಸಣ್ಣ ಗುಳಿಗಳು, ಕೆಲವು ಗುಳಿಗಳಲ್ಲಿ ಬಿಳಿ ಹರಳು. ಒಂದೊಂದು ಕರಿ ಪದರವೂ ಒಂದೊಂದು ಸಲ ಹರಿದ ಲಾವಾ. ಗುಳಿ ಅಂದರೆ ಲಾವಾದ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಅನಿಲದ ಗುಳ್ಳೆ. ಅದರಲ್ಲಿ ನೀರಾಡಿ ಆಮೇಲೆ ಹರಳು ಕಟ್ಟಿದೆ. ಕೆಂಪು ಪಟ್ಟಿ, ಎರಡು ಹರಿವುಗಳ ನಡುವೆ ಬಿಡುವಿದ್ದ ಕಾಲದಲ್ಲಿ ಬಿಸಿಲು ಮಳೆಗೆ ಮಾಗಿದ ಮೇಲ್ಮೈ. ಮುಂದಿನ ಲಾವಾ ಅದರ ಮೇಲೆ ಹರಿದು ಮುಚ್ಚಿತು.

ಈ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇಂದಿಗೂ ಐದು ಲಕ್ಷ ಚದರ ಕಿ.ಮೀ. ನೆಲ ಇದರಡಿಯಲ್ಲಿದೆ. ಇದನ್ನು ಉಕ್ಕಿಸಿದ ಬಿಸಿತಾಣ (ಮ್ಯಾಂಟಲಿನ ಆಳದಿಂದ ಬಿಸಿ ಮೇಲೇಳುವ ಜಾಗ) ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಡಿ ಇದೆ, ಅಲ್ಲಿನ ಜ್ವಾಲಾಮುಖಿ ಇನ್ನೂ ಉಗುಳುತ್ತದೆ. ಫಲಕ ಅದರ ಮೇಲಿಂದ ಸರಿದು ಬಂದ ದಾರಿಯೇ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ಸಾಲು. ಇಲ್ಲಿ ತರಗತಿಗೆ ಒಳ್ಳೆಯ ಲೆಕ್ಕವಿದೆ. ಅಕ್ಕಲಕೋಟೆಯಿಂದ ರಿಯೂನಿಯನ್‌ಗೆ ಅಂದಾಜು 4,850 ಕಿ.ಮೀ., ಅಂದರೆ 48.5 ಕೋಟಿ ಸೆಂ.ಮೀ. ಅದನ್ನು 6.6 ಕೋಟಿ ವರ್ಷದಿಂದ ಭಾಗಿಸಿದರೆ ವರ್ಷಕ್ಕೆ 7.3 ಸೆಂ.ಮೀ. ಮೊದಲು ಹದಿನೈದು, ಆಮೇಲೆ ಐದು ಅಂದೆನಲ್ಲ, ಸರಾಸರಿ ಅದರ ನಡುವೆ ಬಂತು. ಬಿಸಿತಾಣ ಕದಲಿಲ್ಲ ಎಂದುಕೊಂಡು ಮಾಡಿದ ಒರಟು ಲೆಕ್ಕ ಇದು. ಆದರೂ ಭೂಪಟ ಮತ್ತು ಅಳತೆಪಟ್ಟಿಯಿಂದ ಹುಡುಗರು ಇಷ್ಟರ ಮಟ್ಟಿಗೆ ತಲುಪುವುದು ಚಿಕ್ಕ ಮಾತಲ್ಲ.

ಲಾವಾ ಹೊದಿಕೆ ಪಶ್ಚಿಮದಲ್ಲಿ ದಪ್ಪ, ಪೂರ್ವಕ್ಕೆ ಬಂದಂತೆ ತೆಳು. ಮಹಾರಾಷ್ಟ್ರದ ಪಶ್ಚಿಮ ಘಟ್ಟದ ಕೊಯ್ನಾ ಅಣೆಕಟ್ಟಿನ ಬಳಿ ಕೊರೆದಾಗ ಒಂದು ಕಿ.ಮೀ.ಗೂ ಹೆಚ್ಚು ದಪ್ಪವಿತ್ತು. ಕಿಲ್ಲಾರಿಯಲ್ಲಿ ಭೂಕಂಪದ ನಂತರ ಕೊರೆದ ರಂಧ್ರದಲ್ಲಿ 338 ಮೀಟರ್ ಬಸಾಲ್ಟ್ ದಾಟಿದ ಮೇಲೆ ತೆಳುವಾದ ಹಳೆಯ ಕೆಸರುಕಲ್ಲಿನ ಪದರ, ಅದರಡಿ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಮೂಲಶಿಲೆ ಸಿಕ್ಕಿತು. ಭೂಕಂಪದ ಹುಟ್ಟು ಆ ಮೂಲಶಿಲೆಯಲ್ಲಿ, ಕೆಲವು ಕಿ.ಮೀ. ಆಳದಲ್ಲಿ. ಅಲ್ಲಿ ಎಷ್ಟು ಹಳೆಯ ಒಡಕುಗಳಿವೆ, ಯಾವ ದಿಕ್ಕಿಗಿವೆ ಎಂಬುದನ್ನು ಮೇಲಿನ ಕರಿಕಲ್ಲು ಮುಚ್ಚಿಬಿಟ್ಟಿದೆ. 1993ಕ್ಕೆ ಮುಂಚೆ ಈ ಸೀಮೆಯನ್ನು ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯಕ್ಕೆ ಹಾಕಿದ್ದರ ಹಿಂದೆ ಇದೂ ಇದೆ: ಒಡಕು ಕಾಣಲಿಲ್ಲ, ಬರೆದಿಟ್ಟ ಚರಿತ್ರೆಯಲ್ಲಿ ದೊಡ್ಡ ಕಂಪನವೂ ಇರಲಿಲ್ಲ. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಲಾತೂರ, ಸೊಲ್ಲಾಪುರ, ವಿಜಯಪುರ ಮೂರನೆಯ ವಲಯದಲ್ಲಿ ಬಂದವು.

ಈಗ ಆ ಏಣಿನ ನೂಕು ನೆನಪಿಸಿಕೊಳ್ಳಿ. ದಕ್ಷಿಣದಿಂದ ಏಣು ಒತ್ತುತ್ತದೆ, ಉತ್ತರದಲ್ಲಿ ಹಿಮಾಲಯ ಅಡ್ಡ ನಿಂತಿದೆ. ನಡುವಿನ ಪರ್ಯಾಯ ದ್ವೀಪ ಉತ್ತರ–ದಕ್ಷಿಣ ದಿಕ್ಕಿನಲ್ಲಿ ಸದಾ ಅದುಮಿಸಿಕೊಳ್ಳುತ್ತಿದೆ. ಅದುಮುವ ಬಲ ದೊಡ್ಡದೇ, ಆದರೆ ಅದಕ್ಕೆ ಕಲ್ಲು ಕುಗ್ಗುವ ವೇಗ ತೀರಾ ಕಡಿಮೆ. ಆದ್ದರಿಂದ ಒಂದೇ ಒಡಕಿನ ಮೇಲೆ ಒತ್ತಡ ಕೂಡಿ ಬಿಡುವುದಕ್ಕೆ ಸಾವಿರಾರು ವರ್ಷ ಬೇಕು. ಹಿಮಾಲಯದಲ್ಲಿ ಶತಮಾನಗಳಲ್ಲಿ ಆಗುವ ಕೆಲಸ ಇಲ್ಲಿ ಅಷ್ಟು ನಿಧಾನ. ಕಿಲ್ಲಾರಿಯಲ್ಲಿ ಒಡಕಿನ ಒಂದು ಬದಿ ಇನ್ನೊಂದರ ಮೇಲೆ ಹತ್ತಿತು. ಅದುಮಿದಾಗ ಆಗುವುದೇ ಹಾಗೆ. ಹೊಲಗಳಲ್ಲಿ ಸುಮಾರು ಒಂದು ಕಿ.ಮೀ. ಉದ್ದಕ್ಕೆ ನೆಲ ಉಬ್ಬಿ, ಹರಿದು, ಮೆಟ್ಟಿಲಾಗಿ ನಿಂತಿತ್ತು. ಫಲಕದ ನಡುವೆ ಇಂಥದು ಅಪರೂಪವಾದರೂ ಭಾರತಕ್ಕಷ್ಟೇ ಬಂದದ್ದಲ್ಲ: 2012ರ ಏಪ್ರಿಲ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ ಸಾಗರತಳದ ಫಲಕ ಅಂಚಿನಿಂದ ದೂರದಲ್ಲೇ 8.6 ಪರಿಮಾಣದಲ್ಲಿ ಸೀಳಿತು.

ಕೊಯ್ನಾ ಬೇರೆಯದೇ ಸಂಗತಿ. ಅಣೆಕಟ್ಟಿನಲ್ಲಿ 1962ರಿಂದ ನೀರು ನಿಲ್ಲಿಸಿದರು, ಸಣ್ಣ ಕಂಪನಗಳು ಶುರುವಾದವು, 1967ರ ಡಿಸೆಂಬರ್ 11ರಂದು 6.3ರಷ್ಟು ದೊಡ್ಡದು ಆಯಿತು. ಈಗಲೂ ಮಳೆಗಾಲದಲ್ಲಿ ಜಲಾಶಯ ತುಂಬಿದ ಮೇಲೆ ಅಲ್ಲಿ ಕಂಪನ ಹೆಚ್ಚುತ್ತದೆ. ನೀರು ಒಡಕುಗಳಲ್ಲಿ ಇಳಿದು, ಎರಡು ಮುಖಗಳನ್ನು ಒತ್ತಿ ಹಿಡಿದಿದ್ದ ಬಿಗಿಯನ್ನು ಸಡಿಲಿಸುತ್ತದೆ. ಆದರೆ ಒತ್ತಡ ಕೂಡಿಸಿದ್ದು ಫಲಕ. ನೀರು ಬಿಡುವ ಗಳಿಗೆಯನ್ನು ಹತ್ತಿರ ತಂದದ್ದಷ್ಟೇ. ಕಿಲ್ಲಾರಿಗೂ ಹತ್ತಿರದ ತೇರಣಾ ಜಲಾಶಯಕ್ಕೂ ನಂಟು ಹಚ್ಚುವ ವಾದ ನಡೆದಿತ್ತು, ಕೊಯ್ನಾದಷ್ಟು ಗಟ್ಟಿ ಪುರಾವೆ ಅದಕ್ಕೆ ಸಿಗಲಿಲ್ಲ.

ಹಾಗಾದರೆ ಬೋರ್‌ವೆಲ್? ಆರು ಇಂಚು ಅಗಲದ ತೂತು ಸಾವಿರ ಅಡಿ ಹೋದರೂ 300 ಮೀಟರ್. ಕಿಲ್ಲಾರಿಯಂಥ ದೊಡ್ಡ ಕಂಪನ ಹುಟ್ಟುವುದು ಅದರ ಹತ್ತಾರು ಪಟ್ಟು ಆಳದಲ್ಲಿ. ನಿಮ್ಮ ಹಿರಿಯರಿಗೆ ಹೀಗೆ ಹೇಳಿ: ಬೋರ್‌ವೆಲ್‌ನಿಂದ ಬತ್ತುವುದು ಪಕ್ಕದ ಬಾವಿ, ನಡುಗುವುದು ನೆಲವಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಕೇಳುವ ಸದ್ದಿನ ಮಾತು ಬೇರೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ನೆಲದೊಳಗಿನ ಸದ್ದಿಗೆ ಹೆದರಿ ಮನೆ ಬಿಟ್ಟು ಹೊರಗೆ ಮಲಗಿದ್ದು ನೆನಪಿರಬಹುದು. ಮೇಲಿನ ಒಂದೆರಡು ಕಿ.ಮೀ.ಯಲ್ಲೇ ಆಗುವ ಸಣ್ಣ ಕಂಪನದ ಮೊದಲ ಅಲೆ ನೆಲದಿಂದ ಗಾಳಿಗೆ ದಾಟುವಾಗ ಕಿವಿಗೆ ಗುಡುಗಿನಂತೆ ಕೇಳುತ್ತದೆ. ಜಿನುಗಿದ ಮಳೆನೀರು ಇದಕ್ಕೆ ಕುಮ್ಮಕ್ಕು ಕೊಡುತ್ತದೆ ಎಂಬ ವಿವರಣೆಗೆ ತಜ್ಞರ ಒಪ್ಪಿಗೆ ಹೆಚ್ಚು.

‘ಸಣ್ಣವು ಆಗುತ್ತಿದ್ದರೆ ಒಳ್ಳೆಯದು, ಒತ್ತಡ ಇಳಿಯುತ್ತದೆ’ ಎಂಬ ಸಮಾಧಾನವನ್ನು ಮಾತ್ರ ನಂಬಬೇಡಿ. ಪರಿಮಾಣ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. 6.2ರ ಶಕ್ತಿ ಹೊರಬೀಳಲು 4ರ ಪರಿಮಾಣದವು ಎರಡು ಸಾವಿರ ಆಗಬೇಕು. ಕಿಲ್ಲಾರಿಯಲ್ಲೇ 1992ರ ಅಕ್ಟೋಬರಿನಲ್ಲಿ 4ರ ಆಸುಪಾಸಿನ ಕಂಪನಗಳು ಆಗಿದ್ದವು. ವರ್ಷ ತುಂಬುವುದರೊಳಗೆ ದೊಡ್ಡದು ಬಂತು. ಹಾಗೆಂದು ಸಣ್ಣವು ಬಂದಲ್ಲೆಲ್ಲ ದೊಡ್ಡದು ಬರುವುದಿಲ್ಲ, ಹೆಚ್ಚಿನವು ತಾವಾಗಿ ಅಡಗುತ್ತವೆ. ಯಾವುದು ಅಡಗುತ್ತದೆ, ಯಾವುದು ಬೆಳೆಯುತ್ತದೆ ಎಂದು ಮುಂಚಿತವಾಗಿ ಹೇಳುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲ.

ಹೊಲದ ಬಿರುಕಿಗೆ ಹೆದರಬೇಕಿಲ್ಲ. ಎರೆಮಣ್ಣಿನ ಜೇಡಿಯಲ್ಲಿ ನೀರು ಹೀರಿ ಹಿಗ್ಗುವ ಖನಿಜವಿದೆ. ಬೇಸಿಗೆಯ ಬಿರುಕು ಬಲೆಯಂತೆ ಐದಾರು ಮೂಲೆಗಳ ತುಂಡುಗಳಾಗಿ ಹರಡುತ್ತದೆ, ಎರಡೂ ದಡ ಒಂದೇ ಎತ್ತರದಲ್ಲಿರುತ್ತವೆ, ನಾಲ್ಕು ಒಳ್ಳೆಯ ಮಳೆಗೆ ಮುಚ್ಚುತ್ತದೆ. ಸ್ತರಭಂಗದ ಬಿರುಕು ಒಂದೇ ದಿಕ್ಕು ಹಿಡಿದು ಹೊಲ, ಬದು, ದಾರಿ ಯಾವುದನ್ನೂ ಲೆಕ್ಕಿಸದೆ ಹೋಗುತ್ತದೆ. ಒಂದು ದಡ ಎತ್ತರ, ಇನ್ನೊಂದು ತಗ್ಗು. ನೇರವಾಗಿದ್ದ ಬದು ಅಲ್ಲಿ ಸೊಟ್ಟಗಾಗಿರುತ್ತದೆ. ಅದೂ ದೊಡ್ಡ ಕಂಪನವಾದ ಮೇಲೆ ಮಾತ್ರ. ಮುನ್ಸೂಚನೆಯಾಗಿ ಹೊಲ ಬಿರಿಯುವುದಿಲ್ಲ.

ಕಂಪನದ ಅನುಭವ ಆದಾಗ ಮಕ್ಕಳು ಮಾಡಬಹುದಾದ ಅಳತೆಯೊಂದಿದೆ. ಮೊದಲ ಅಲೆ ಸೆಕೆಂಡಿಗೆ ಸುಮಾರು ಆರು ಕಿ.ಮೀ. ಓಡುತ್ತದೆ, ದಡ್ಡೆಂದು ಒಂದು ಗುದ್ದು ಕೊಡುತ್ತದೆ. ಅಡ್ಡಡ್ಡ ಅಲ್ಲಾಡಿಸುವ ಎರಡನೆಯದು ಮೂರೂವರೆ ಕಿ.ಮೀ. ಎರಡರ ನಡುವಿನ ಸೆಕೆಂಡುಗಳನ್ನು ಎಣಿಸಿ ಎಂಟರಿಂದ ಗುಣಿಸಿದರೆ ಕೇಂದ್ರದ ದೂರ ಅಂದಾಜು ಕಿ.ಮೀ.ನಲ್ಲಿ ಸಿಗುತ್ತದೆ. ಕಿಲ್ಲಾರಿ ನಿಮಗೆ ಸುಮಾರು 75 ಕಿ.ಮೀ., ಅಂದರೆ ಒಂಬತ್ತು ಸೆಕೆಂಡು ಅಂತರ. ಆಮೇಲೆ ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ‘ಭೂಕಂಪ್’ ಆ್ಯಪ್‌ನಲ್ಲಿ ಹೋಲಿಸಿ ನೋಡಬಹುದು. ಇಂಥ ಪಟ್ಟಿಗಳಲ್ಲಿ ಆಳ ‘10 ಕಿ.ಮೀ.’ ಎಂದು ಪದೇ ಪದೇ ಕಂಡರೆ ಅದನ್ನು ಅಳತೆ ಎಂದುಕೊಳ್ಳಬೇಡಿ. ಹತ್ತಿರದಲ್ಲಿ ಸಾಕಷ್ಟು ಯಂತ್ರಗಳಿಲ್ಲದೆ ಆಳ ಸಿಗದಾಗ ಹಾಕುವ ರೂಢಿಯ ಅಂಕಿ ಅದು.

ಕೊನೆಗೆ ನೀವು ಕೇಳದ, ಆದರೆ ಮಕ್ಕಳು ಮನೆಗೆ ಒಯ್ಯಬೇಕಾದ ವಿಷಯ. 6.2 ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಭೂಕಂಪ. ಹತ್ತು ಸಾವಿರ ಜನರನ್ನು ಕೊಂದದ್ದು ಮನೆಗಳು. ನಿಮ್ಮ ಕಡೆಯ ಹಳೆಯ ಮಾಳಿಗೆ ಮನೆಯ ಗೋಡೆ ಎರಡು ಮೂರು ಅಡಿ ದಪ್ಪ ಕಂಡರೂ ಅದು ಒಂದು ಗೋಡೆಯಲ್ಲ. ಒಳಮುಖ, ಹೊರಮುಖ ಬೇರೆ ಬೇರೆ ಏರಿಸಿ ನಡುವೆ ಚೂರುಕಲ್ಲು, ಮಣ್ಣು ತುಂಬಿರುತ್ತಾರೆ. ಅಲ್ಲಾಡಿದಾಗ ನಡುವಿನ ತುಂಬು ಕೆಳಗೆ ಕೂತು ಎರಡೂ ಮುಖಗಳನ್ನು ಹೊರಗೆ ದಬ್ಬುತ್ತದೆ. ಮೇಲೆ ವರ್ಷ ವರ್ಷ ಸೋರುತ್ತದೆಂದು ಮಣ್ಣು ಹಾಕಿ ಹಾಕಿ ಎರಡಡಿ ಆಗಿರುತ್ತದೆ. ಹತ್ತು ಅಡಿಗೆ ಹನ್ನೆರಡರ ಕೋಣೆಯ ಮೇಲೆ ಎರಡಡಿ ಮಣ್ಣೆಂದರೆ ಸುಮಾರು 11 ಟನ್. ನೆಲ ಗುರುತ್ವದ ಐದನೆಯ ಒಂದು ಭಾಗದಷ್ಟು ಬಲದಿಂದ ಅಡ್ಡ ಅಲ್ಲಾಡಿದರೂ ಗೋಡೆಯ ತಲೆಯ ಮೇಲೆ ಎರಡು ಟನ್‌ಗೂ ಹೆಚ್ಚಿನ ಅಡ್ಡ ನೂಕು ಬೀಳುತ್ತದೆ. ಕಿಲ್ಲಾರಿ ಸೀಮೆಯಲ್ಲಿ ತೊಲೆ, ಜಂತಿಗಳ ಭಾರ ಮರದ ಕಂಬಗಳ ಮೇಲಿದ್ದ ಕಡೆ ಗೋಡೆ ಬಿದ್ದರೂ ಮಾಳಿಗೆ ನಿಂತ ಉದಾಹರಣೆಗಳಿವೆ. ಜಂತಿ ನೇರ ಗೋಡೆಯ ಮೇಲೆ ಕೂತಿದ್ದ ಕಡೆ ಎಲ್ಲವೂ ಒಟ್ಟಿಗೆ ಬಂತು.

ಇರುವ ಮನೆಗೆ ಮಾಡಬಹುದಾದ ಅಗ್ಗದ ಕೆಲಸ ಎರಡು. ಮಾಳಿಗೆಯ ಮಣ್ಣನ್ನು ಒಂದು ಗೇಣಿಗೆ ಇಳಿಸಿ, ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ; ಸೋರದಿದ್ದರೆ ಮತ್ತೆ ಮಣ್ಣು ಏರಿಸುವ ಪ್ರಮೇಯ ಬರುವುದಿಲ್ಲ. ಎರಡನೆಯದು ಗೋಡೆಯ ಎರಡು ಮುಖಗಳನ್ನು ಹೊಲಿಯುವುದು. ಒಂದೊಂದು ಮೀಟರಿಗೆ ಒಂದರಂತೆ ಕಲ್ಲು ಮೆಲ್ಲಗೆ ಬಿಡಿಸಿ 75 ಮಿ.ಮೀ.ನ ತೂತು ಆರಪಾರ ಮಾಡಿ, ಎರಡೂ ತುದಿ ಕೊಕ್ಕೆಯಾಗಿ ಬಾಗಿಸಿದ 8 ಮಿ.ಮೀ. ಸರಳು ಇಟ್ಟು ಕಾಂಕ್ರೀಟ್ ತುಂಬಿ ಹತ್ತು ದಿನ ನೀರು ಉಣಿಸಬೇಕು. ಕೆಲಸ ಕೆಡುವುದು ಇಲ್ಲೇ: ಗಾರೆಯವರು ಬೇಗ ಆಗಲೆಂದು ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಒಳಗಿನ ತುಂಬು ಸಡಿಲಾಗಿ ಗೋಡೆ ಅಂದೇ ಉಬ್ಬುತ್ತದೆ. ಹಾರೆಯಿಂದ ಸುತ್ತ ಮಣ್ಣು ಕೆರೆದು ಕಲ್ಲನ್ನು ಅಲ್ಲಾಡಿಸಿ ತೆಗೆಯಲು ಹೇಳಿ, ಒಂದು ದಿನ ಒಂದೇ ಗೋಡೆಯಲ್ಲಿ ಅಕ್ಕಪಕ್ಕದ ತೂತುಗಳನ್ನು ತೆರೆಯಬೇಡಿ. ಹೊಸದಾಗಿ ಕಟ್ಟುವವರು ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಎಲ್ಲೂ ತುಂಡಾಗದಂತೆ 75 ಮಿ.ಮೀ. ದಪ್ಪದ ಕಾಂಕ್ರೀಟ್ ಪಟ್ಟಿ ಹಾಕಿಸಲಿ: ಉದ್ದಕ್ಕೆ ಎರಡು ಸರಳು, 150 ಮಿ.ಮೀ.ಗೊಂದು ಕೊಂಡಿ, ಮೂಲೆಯಲ್ಲಿ ಸರಳನ್ನು ಕತ್ತರಿಸದೆ ಬಾಗಿಸಿ ಮುಂದಿನ ಗೋಡೆಗೆ ಒಯ್ಯಬೇಕು. ಮೂಲೆಯಲ್ಲಿ ಕತ್ತರಿಸಿದ ಪಟ್ಟಿ ಇದ್ದೂ ಇಲ್ಲದಂತೆ, ಯಾಕೆಂದರೆ ಗೋಡೆಗಳು ಮೊದಲು ಬಿಡುವುದು ಮೂಲೆಯಲ್ಲೇ.